ಹಾರ್ಮೋನಿಯಂಗೆ ಕಟ್ಟಿದ ಮನೆ

ನಮ್ಮ ಮನೆಯವರು ನಾಟಕದ ಮೇಷ್ಟ್ರು. ಹದಿನಾರು ಗ್ರಾಮದಿಂದ ಬನ್ನೂರಿನವರೆಗೆ ಯಾವ ಊರಿನ ಗಂಡಸರು ಕಿರೀಟ ಕಟ್ಟಿಕೊಂಡು ಪೌರಾಣಿಕ ನಾಟಕ ಆಡಬೇಕೆಂದರೂ ಇವರೇ ಹಾರ್ಮೋನಿಯಂ ನುಡಿಸಿ ಹಾಡು ಕಲಿಸಬೇಕು. ನಾನು ಅಂಗನವಾಡಿ ಕಾರ್ಯಕರ್ತೆ. ತೊಂಬತ್ತಾರರಲ್ಲೋ ತೊಂಬತ್ತೇಳರಲ್ಲೋ ಟಿ. ನರಸೀಪುರದಲ್ಲಿ ನಮಗೊಂದು ಪುಟ್ಟ ಸೈಟು ಸಿಕ್ಕಿತು.

ಪ್ಲಾನು ಇವರದೇ. ಹಾರ್ಮೋನಿಯಂ ಪೆಟ್ಟಿಗೆಯನ್ನು ಸೈಟಿನ ನಡುವೆ ಇಟ್ಟು, ಅದರ ಸುತ್ತ ಗಾರೆಯವನ ಕೈಲಿ ಸುಣ್ಣದ ಗೆರೆ ಎಳೆಸಿದರು. ಇಲ್ಲಿ ತಾವು, ಇಲ್ಲಿ ತಬಲದವನು, ಈ ಜಗಲಿಯ ಮೇಲೆ ಎಂಟು ಜನ ಹಾಡುವವರು. ಆರ್‌ಸಿಸಿ ಹಾಕಿದರೆ ಶಬ್ದ ಗುಂಯ್‌ಗುಡುತ್ತದೆಂದು ಹೆಂಚು ಹೊದಿಸಿದರು. ಬೀದಿಯ ಗಲಾಟೆ ಬರಬಾರದೆಂದು ಒಂದೇ ಕಿಟಕಿ, ದಪ್ಪ ಗೋಡೆ. ಎಲ್ಲ ಮುಗಿದ ಮೇಲೆ ಹಿಂದೆ ಉಳಿದ ಸಂದಿಯೇ ಅಡುಗೆಮನೆ. ಕೈ ಚಾಚಿದರೆ ಎರಡೂ ಕಡೆ ಗೋಡೆ ತಾಗುತ್ತಿತ್ತು. ಅದರ ಬಾಗಿಲು ಇದ್ದದ್ದು ಹೊರಗಡೆಗೆ ಮಾತ್ರ.

"ಒಳಗಡೆಯಿಂದ ಬಾಗ್ಲೆಲ್ಲಿ?" ಅಂದೆ.

"ಬಾಗ್ಲಿಟ್ರೆ ಒಗ್ಗರಣೆ ಘಾಟು ಒಳಕ್ ಬತ್ತದೆ ಕಣಮ್ಮಿ. ಹಾಡೋರ ಗಂಟ್ಲು ಕಟ್ಕತದೆ."

"ಮತ್ತೆ ಊಟ ಹೆಂಗ್ ತರ್ಲಿ?"

"ಪಕ್ಕದ ಸಂದೀಲಿ ಸುತ್ಕೊಂಡ್ ಬಾ. ನಾಕ್ ಹೆಜ್ಜೆ."

ನಾಕಲ್ಲ, ಹತ್ತೊಂಬತ್ತು. ದಿನವೂ ನಡೆದವಳು ನಾನು, ನನಗೆ ಗೊತ್ತು. ಅನ್ನಕ್ಕೊಂದು ಸಲ, ಸಾರಿಗೊಂದು ಸಲ, ಮರೆತ ಉಪ್ಪಿಗೊಂದು ಸಲ. ನೋಡಲು ಬಂದವರೆಲ್ಲ ಗೋಡೆ ತಟ್ಟಿ, "ಏನ್ ನಾದ ಮೇಷ್ಟ್ರೇ!" ಎಂದು ಹೊಗಳಿ ಹೋಗುತ್ತಿದ್ದರು. ಒಬ್ಬರಾದರೂ ಅಡುಗೆಮನೆ ಎಲ್ಲಿ ಎಂದು ಕೇಳಲಿಲ್ಲ.

ಒಂದು ಆಷಾಢದ ಮಧ್ಯಾಹ್ನ ಜಿಟಿಜಿಟಿ ಮಳೆ. ಒಳಗೆ ಆರೇಳು ಜನರ ತಾಲೀಮು ನಡೆದಿತ್ತು. ಹುರುಳಿ ಸಾರಿನ ಪಾತ್ರೆ ಹಿಡಿದು ಬರುತ್ತಿದ್ದವಳು ಸಂದಿಯ ಪಾಚಿಯ ಮೇಲೆ ಜಾರಿದೆ. ಸಾರೆಲ್ಲ ಎಡಗಾಲ ಮೇಲೆ ಸುರಿಯಿತು. "ರೀ, ರೀ" ಎಂದು ಕೂಗಿಕೊಂಡೆ. ಒಳಗಿನಿಂದ ಯಾರೂ ಬರಲಿಲ್ಲ. ಬಂದವಳು ಆಚೆ ಮನೆಯ ಅಜ್ಜಿ. ಆಕೆ ನನ್ನ ಕಾಲಿಗೆ ನೀರು ಸುರಿದು, ಮುಂಬಾಗಿಲು ಬಡಿದ ಮೇಲೆ ಇವರು ಎದ್ದು ಬಂದರು.

"ಕೇಳ್ಸಲೇ ಇಲ್ಲ ಕಣೇ," ಅಂದರು. ಸುಳ್ಳಲ್ಲ. ಕೇಳಿಸಬಾರದೆಂದೇ ಕಟ್ಟಿಸಿದ ಗೋಡೆ ಅದು. ಅದಕ್ಕೇ ನನಗೆ ಕಾಲಿಗಿಂತ ಹೊಟ್ಟೆ ಹೆಚ್ಚು ಉರಿಯಿತು.

ಗಾಯ ಮಾಯುವವರೆಗೆ ಹೆಮ್ಮಿಗೆಯ ತವರಿನಲ್ಲಿದ್ದೆ. ವಾಪಸು ಬಂದು ಗೋಡೆ ಒಡೆಸಿ ಬಾಗಿಲಿಡಿ ಎಂದರೆ, "ಶ್ರಾವಣ ಕಳೀಲಿ," ಅಂದರು. ಆಮೇಲೆ ದಸರಾ ಕಳೆಯಲಿ ಅಂದರು. ದಸರೆಯೂ ಕಳೆಯಿತು. ಇವರು ಬನ್ನೂರಿಗೆ ನಾಟಕ ಕಲಿಸಲು ಹೋದ ದಿನ ಅದೇ ಗಾರೆಯವನನ್ನು ಕರೆಸಿದೆ.

"ಮೇಷ್ಟ್ರು ಬಂದ್ರೆ ನನ್ನ ಬಯ್ತಾರೆ ಕಣಕ್ಕ," ಎಂದು ಅವನು ತಲೆ ಕೆರೆದುಕೊಂಡ.

"ಬಯ್ಯೋದು ನನ್ನ. ನೀನ್ ಒಡಿ."

ಸಂಜೆ ಬಂದವರು ಗೋಡೆಯ ತೂತನ್ನು ನೋಡಿದರು. ಚಪ್ಪಲಿಯನ್ನೂ ಬಿಡದೆ ಪೆಟ್ಟಿಗೆಯ ಮುಂದೆ ಕೂತು ಒಂದೇ ಒಂದು ಸ್ವರದ ಮನೆ ಒತ್ತಿ, ತಲೆ ಓರೆ ಮಾಡಿ ಕೇಳಿದರು. "ಹೋಯ್ತು," ಅಂದರು. ನನಗೆ ಗೋಡೆ ಒಡೆಯುವ ಮೊದಲಿನ ಸ್ವರವೂ ಈಗಿನದೂ ಒಂದೇ ಥರ ಕೇಳಿಸಿದವು. ಆದರೂ ಆ ಮುಖ ನೋಡಿ, ಏನೋ ಹಾಳು ಮಾಡಿದೆನೇನೋ ಎಂಬ ಅಳುಕು ಹತ್ತಿಕೊಂಡಿತು. ಅದು ಹತ್ತಿಕೊಂಡದ್ದಕ್ಕೇ ಮತ್ತೆ ಸಿಟ್ಟು.

ಬಾಗಿಲೇನೋ ಬಂತು, ನನ್ನ ಕಷ್ಟ ತೀರಲಿಲ್ಲ. ತಾಲೀಮಿನ ನಡುವೆ ಯಾರಾದರೂ ಕೆಮ್ಮಿದರೆ ಸಾಕು, "ಒಗ್ಗರಣೆ ಆಮೇಲಾಕು!" ಎಂದು ಕೂಗುತ್ತಿದ್ದರು. ಅವರ ಹಾಡು ಮುಗಿಯುವ ತನಕ ನಾನು ಸಾಸಿವೆ ಡಬ್ಬಿ ಹಿಡಿದು ನಿಂತಿರಬೇಕು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ನನಗೆ ಅಂಗನವಾಡಿ ಮೇಲ್ವಿಚಾರಕಿಯಾಗಿ ಬಡ್ತಿ ಸಿಕ್ಕಿ ನಂಜನಗೂಡು ಕಡೆ ಕೆಲಸವಾಯಿತು. ಮನೆಯನ್ನು ಬಾಡಿಗೆಗೆ ಕೊಟ್ಟು, ನಾವು ಅಲ್ಲಿ ಒಂದು ಮಹಡಿ ಮನೆ ಹಿಡಿದೆವು. ಅಡುಗೆಮನೆ ವಿಶಾಲವಾಗಿತ್ತು. ನಾನು ಹಿಗ್ಗಿದೆ. ಮೂರನೇ ದಿನಕ್ಕೆ ಕೆಳಗಿನಿಂದ ಓನರಮ್ಮ ಮೆಟ್ಟಿಲು ಹತ್ತಿ ಬಂದು, ಪೆಟ್ಟಿಗೆ ಶಬ್ದ ಆಗಬಾರದು ಎಂದರು. ಇವರು ಪೆಟ್ಟಿಗೆಗೆ ಬಟ್ಟೆ ಹೊದಿಸಿದರು. ನಾಲ್ಕು ದಿನ ಕಿಟಕಿಯ ಪಕ್ಕ ಸುಮ್ಮನೆ ಕೂತರು. ಬೆರಳು ಮಾತ್ರ ತೊಡೆಯ ಮೇಲೆ ಆಡುತ್ತಿದ್ದವು.

ಐದನೇ ದಿನ ನಾನೇ ಇಳಿದು ಹೋದೆ.

"ನಾಟ್ಕದ ಮೇಷ್ಟ್ರು ಕಣ್ರೀ ಅವ್ರು. ಪೆಟ್ಟಿಗೆ ಮುಟ್ಬೇಡಿ ಅಂದ್ರೆ ಏನ್ ಮಾಡ್ತಾರೆ ಹೇಳಿ?" ಎಂದು ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ ವಾದಿಸಿದೆ. ಓನರಮ್ಮ ಸೋತು, ಸಂಜೆ ಒಂದು ಗಂಟೆ ನುಡಿಸಲಿ ಎಂದರು.

ಗೆದ್ದ ಖುಷಿಯಲ್ಲಿ ಮೇಲೆ ಬಂದು ಹೇಳಿದೆ. ಇವರು ಪೆಟ್ಟಿಗೆಯ ಬಟ್ಟೆ ತೆಗೆದು ಮಡಚಿಟ್ಟರು.

"ಒಂದ್ ಗಂಟೆ ಯಾತಕ್ ಸಾಲ್ತದೆ? ಎರಡ್ ಕೇಳ್ಬೇಕಿತ್ತು," ಅಂದರು.

ಕೈಗೆ ಸಿಕ್ಕಿದ ಸೌಟನ್ನು ಅಡುಗೆ ಕಟ್ಟೆಯ ಮೇಲೆ ಕುಕ್ಕಿ, "ನೀವೇ ಹೋಗಿ ಕೇಳಿ," ಅಂದೆ. ಅವರು ಹೋಗಲಿಲ್ಲ.