ಮಗ್ಗದ ಪಕ್ಕದ ಬಾತುಮೊಟ್ಟೆಗಳು

ಕರೆಂಟು ಹೋಗಬಹುದಿತ್ತು. ಬಲ್ಬು ಸಿಡಿದು ಮೊಟ್ಟೆ ಪೆಟ್ಟಿಗೆಯ ಹುಲ್ಲಿಗೆ ಕಿಡಿ ಹಾರಿ, ಹುಲ್ಲಿನಿಂದ ರೇಷ್ಮೆಗೆ, ರೇಷ್ಮೆಯಿಂದ ಸೂರಿಗೆ ಹತ್ತಿ ಬೀದಿಗೆ ಬೀದಿಯೇ ಬೂದಿಯಾಗಬಹುದಿತ್ತು. ಇರುವೆ ಮುತ್ತಬಹುದಿತ್ತು, ಬೆಕ್ಕು ನುಗ್ಗಬಹುದಿತ್ತು. ಬಟ್ಟಲಿನ ನೀರು ಆರಿ ಮರಿಗಳು ಚಿಪ್ಪಿನೊಳಗೇ ಅಂಟಿಕೊಂಡು ಸಾಯಬಹುದಿತ್ತು. ಮೊಟ್ಟೆ ತಿರುಗಿಸುವ ಕೆಲಸ ನನ್ನದು. ಸ್ಕೂಲಿನ ಗಡಿಬಿಡಿಯಲ್ಲಿ ನಾನು ಮರೆಯಬಹುದಿತ್ತು. ಆಗ ಮೂರನೇ ಕ್ಲಾಸಿನ ಹುಡುಗಿ ನಾನು, ಇಷ್ಟನ್ನೂ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗಲೇ ಯೋಚಿಸಿ ಮುಗಿಸುತ್ತಿದ್ದೆ. ಮೊನ್ನೆ ಯಳಂದೂರಿನ ನಮ್ಮ ಮನೆಗೆ ನನ್ನ ಗಂಡ ಮೊಟ್ಟೆ ಮರಿ ಮಾಡುವ ಪ್ಲಾಸ್ಟಿಕ್ ಮಿಷನ್ನು ತರಿಸಿದರು. ಅದು ತಾನೇ ಮೊಟ್ಟೆ ತಿರುಗಿಸುತ್ತದೆ, ತಾನೇ ಶಾಖ ನೋಡಿಕೊಳ್ಳುತ್ತದೆ. ನನಗೆ ಚಿಂತೆ ಮಾಡಲು ಏನನ್ನೂ ಉಳಿಸಿಲ್ಲ. ಆದರೂ ಒಮ್ಮೆ ನೋಡೋಣವೆಂದು ಮುಚ್ಚಳ ಎತ್ತಿದೆ. ಬೆಚ್ಚಗಿನ ಧೂಳು, ಒದ್ದೆ ಸುಣ್ಣ, ಹಸಿ ಕೆಸರು ಸೇರಿದಂಥ ವಾಸನೆ ಮುಖಕ್ಕೆ ಬಡಿಯಿತು. ನಿಂತಲ್ಲೇ ನಾನು ಚಿಕ್ಕಂದಿನ ಕೊಳ್ಳೇಗಾಲದ ಮನೆಯಲ್ಲಿದ್ದೆ.

ಆ ಮನೆಯಲ್ಲಿ ಮೊದಲು ಮಗ್ಗ, ಮಿಕ್ಕ ಜಾಗದಲ್ಲಿ ನಾವು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ತಾತ ಲಾಳಿ ಎಸೆಯಲು ಶುರುಮಾಡಿದರೆ ಗೋಡೆಯ ಪಾತ್ರೆಗಳೂ ಸಣ್ಣಗೆ ನಡುಗುತ್ತಿದ್ದವು. ಚಿಕ್ಕಪ್ಪನಿಗೆ ಮಾತ್ರ ನೇಯ್ಗೆ ಕೈಗೆ ಹತ್ತಲಿಲ್ಲ. ಅವನು ನೇಯ್ದ ಸೀರೆಯ ಅಂಚು ಸತ್ತೇಗಾಲದ ಹೊಳೆಯ ಹಾಗೆ ಸೊಟ್ಟಗೆ ಹರಿಯುತ್ತಿತ್ತು. ಶಾಗ್ಯದಲ್ಲಿದ್ದ ಅವನ ಮಾವನಿಗೆ, ಅಂದರೆ ಚಿಕ್ಕವ್ವನ ಅಪ್ಪನಿಗೆ, ಗಂಡುಮಕ್ಕಳಿರಲಿಲ್ಲ, ಹೊಲ ನೋಡಿಕೊಳ್ಳಲು ಬಾ ಎಂದು ಮೇಲಿಂದ ಮೇಲೆ ಹೇಳಿಕಳಿಸುತ್ತಿದ್ದ. ಚಿಕ್ಕಪ್ಪನಿಗೆ ಮನೆ ಬಿಡುವ ಮನಸ್ಸಿಲ್ಲ. ಗದ್ದೆ ಕೊಯ್ಲಾದ ಮೇಲೆ ಬಾತು ಮೇಯಿಸಲು ತಮಿಳುನಾಡಿನ ಕಡೆಯವರು ಸತ್ತೇಗಾಲಕ್ಕೆ ಬಂದಾಗ ಒಂದು ಬುಟ್ಟಿ ಮೊಟ್ಟೆ ಹೊತ್ತು ತಂದ.

"ಒಂದ್ ಕಿತ ನೋಡವ ಕಣಪ್ಪ. ಮರಿ ಆದ್ರೆ ಇಲ್ಲೇ ಬಾತು ಸಾಕ್ಕಂಡ್ ಇರ್ತೀನಿ, ಆಗ್ನಿಲ್ವ, ಶಾಗ್ಯಕ್ಕೆ ಓಯ್ತೀನಿ" ಅಂದ ತಾತನಿಗೆ.

"ಅಲ್ಲೋದ್ರೆ ಒಲದ ಯಜಮಾನ. ಇಲ್ಲಿದ್ರೆ ಬಾತುಕೋಳಿಗೆ ಬಾಣಂತನ" ಎಂದು ಚಿಕ್ಕವ್ವ ಒಲೆಯ ಮುಂದಿನಿಂದಲೇ ಕುಟುಕಿದಳು.

ಟೀ ಪುಡಿಯ ಹಳೇ ಮರದ ಪೆಟ್ಟಿಗೆ, ಒಳಗಿಷ್ಟು ಹುಲ್ಲು, ಒಂದು ಬಲ್ಬು, ಒಂದು ಬಟ್ಟಲು ನೀರು, ಅಷ್ಟೇ ಅವನ ಮಿಷನ್ನು. ಅದನ್ನು ಎಲ್ಲಿಡುವುದು? ಬಾತುಮೊಟ್ಟೆಗೆ ತೇವ ಬೇಕು. ನಮ್ಮ ಮನೆಯಲ್ಲಿ ಸದಾ ತೇವವಿದ್ದದ್ದು ಮಗ್ಗದ ಪಕ್ಕದಲ್ಲಿ. ಗಾಳಿ ಒಣಗಿದರೆ ಎಳೆ ಹರಿಯುತ್ತದೆಂದು ತಾತ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. "ಎಳೆಗಾಗೋ ತಂಪು ಮೊಟ್ಟೆಗಾಗಲ್ವ? ಇಲ್ಲೇ ಮಡುಗ್ಲಾ" ಎಂದು ಕುಣಿಯ ಪಕ್ಕದಲ್ಲೇ ಜಾಗ ಬಿಟ್ಟುಕೊಟ್ಟರು. ನೇಕಾರರಿಗಲ್ಲದೆ ಇನ್ನಾರಿಗೂ ಆ ಬುದ್ಧಿ ಹೊಳೆಯುತ್ತಿರಲಿಲ್ಲ.

ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಒಂದು ಬೆಳಿಗ್ಗೆ ಚಿಪ್ಪುಗಳು ಬಿರುಕುಬಿಟ್ಟವು. ಸಂಜೆಗೆಲ್ಲ ಹಳದಿ ಮರಿಗಳು ಪೆಟ್ಟಿಗೆ ತುಂಬ ಪಿಳಿಪಿಳಿ ಕಣ್ಣು ಬಿಡುತ್ತಿದ್ದವು. "ಗೆದ್ಬುಟ್ಟೆ ಕಣ್ಲಾ" ಎಂದು ತಾತ ಚಿಕ್ಕಪ್ಪನ ಬೆನ್ನು ತಟ್ಟಿದರು. ಚಿಕ್ಕವ್ವ ಕೂಡ ಒಂದು ಮರಿಯನ್ನು ಸೆರಗಿನಲ್ಲಿಟ್ಟುಕೊಂಡು, ಯಾರೂ ನೋಡುತ್ತಿಲ್ಲವೆಂದುಕೊಂಡು, ಮುದ್ದಾಡಿದಳು.

ಮರುದಿನ ತಾತ ಲಾಳಿ ಎಸೆದರು. ಹಿತ್ತಲಿಗೆ ಬಿಟ್ಟಿದ್ದ ಅಷ್ಟೂ ಮರಿಗಳು ಹೊಸಿಲು ಹಾರಿ ಎದ್ದೆನೋ ಬಿದ್ದೆನೋ ಎಂದು ಮಗ್ಗದ ಹತ್ತಿರ ಓಡಿಬಂದವು. ಮಗ್ಗ ನಿಂತರೆ ನಿಂತವು, ಆಡಿದರೆ ಮತ್ತೆ ಹತ್ತಿರ ಬಂದವು. ಚಿಪ್ಪಿನೊಳಗಿದ್ದಾಗ ಅವು ದಿನವಿಡೀ ಕೇಳಿದ್ದು ಅದೊಂದೇ ಸದ್ದು. "ಅಯ್ಯೋ, ಈ ವಯಸ್ನಲ್ಲಿ ನನ್ನ ಅವ್ವ ಮಾಡ್ಬುಟ್ವಲ್ಲೋ!" ಎಂದು ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು. ಅದಾದ ಮೇಲೆ ಯಾರೂ ನಗಲಿಲ್ಲ. ತಡಿಕೆ ಕಟ್ಟಿ ಹಿತ್ತಲಲ್ಲಿ ಕೂಡಿದರೆ ಮೇವು ಮುಟ್ಟದೆ ಕಿರುಚಿದವು, ಕೊಕ್ಕು ಒಡೆಯುವಂತೆ ತಡಿಕೆ ಕುಕ್ಕಿದವು. ಒಳಗೆ ಬಿಟ್ಟರೆ ಕುಣಿಗೆ ಬಿದ್ದು ತಾತನ ಕಾಲಿಗೆ ಸಿಕ್ಕುತ್ತಿದ್ದವು. ಒಂದು ದಿನ ಮದುವೆಯ ಸೀರೆಯ ಮೇಲೆ ಪಿಚಕ್ಕನೆ ಹಿಕ್ಕೆ ಹಾಕಿದವು. ತಾತ ಬೈಯಲಿಲ್ಲ. ಮರಿಗಳು ಸದ್ದು ಮರೆಯಲಿ ಎಂದು ಮಗ್ಗವನ್ನೇ ನಿಲ್ಲಿಸಿದರು. ಮರಿಗಳು ಮರೆಯಲಿಲ್ಲ. ಮಗ್ಗ ನಿಂತ ಮನೆಯಲ್ಲಿ ನಾವೆಲ್ಲ ಪಿಸುಮಾತಾಡುತ್ತ ಓಡಾಡಿದೆವು, ಒಳಗೆ ಯಾರೋ ಕಾಯಿಲೆ ಬಿದ್ದು ಮಲಗಿದ್ದಾರೆ ಎನ್ನುವ ಹಾಗೆ.

"ಮಗ್ಗ ನಿಲ್ಲದು ಬ್ಯಾಡ ಕಣಪ್ಪ. ನಾವೇ ಶಾಗ್ಯಕ್ಕೆ ಓಯ್ತೀವಿ" ಎಂದ ಚಿಕ್ಕಪ್ಪ.

ತಾತ "ಇರ್ಲಾ" ಅನ್ನುವಂತಿರಲಿಲ್ಲ, ಮನೆ ನಡೆಯುತ್ತಿದ್ದದ್ದೇ ಮಗ್ಗದಿಂದ.

ಚಿಕ್ಕಪ್ಪ ಮರಿ ತುಂಬಿದ ಬುಟ್ಟಿಗೆ ಹಳೇ ಪಂಚೆ ಮುಚ್ಚಿದ. ಅಷ್ಟು ದಿನ ಶಾಗ್ಯ ಶಾಗ್ಯ ಎಂದಿದ್ದ ಚಿಕ್ಕವ್ವ ನನ್ನ ಕೆನ್ನೆ ಹಿಡಿದುಕೊಂಡು ಅತ್ತಳು. ತಾತ ಕುಣಿಗೆ ಕಾಲಿಳಿಸಿ, ಲಾಳಿ ಕೈಯಲ್ಲಿ ಹಿಡಿದು, ಎಸೆಯದೆ ಕೂತಿದ್ದರು. ಸದ್ದು ಕೇಳಿದರೆ ಮರಿಗಳು ಕಿರುಚುತ್ತವೆ. ಅವರು ಹತ್ತಿದ ಹನೂರಿನ ಬಸ್ಸು ಹೊರಟು ಎಷ್ಟೋ ಹೊತ್ತಾದ ಮೇಲೆ ಕೇಳಿದರು:

"ಓದ್ರಾ ಮೊಗ?"

"ಓದ್ರು ತಾತ."

ಲಾಳಿ ಒಮ್ಮೆ ಎಸೆದರು. ಎರಡನೇ ಸಲ ಎಸೆಯುವ ಮುನ್ನ ಕೈ ತಡೆದು, ಬಗ್ಗಿ, ಕಾಲ ಬಳಿ ಏನಾದರೂ ಇದೆಯೇ ಎಂದು ಕುಣಿಯೊಳಗೆ ನೋಡಿದರು.