ಇಗರ್ಜಿಯ ಕಿಟಕಿಯಲ್ಲಿದ್ದ ಕುಚ್ಚು

ಇಂಥ ಬರಹಗಳನ್ನು ಬೇರೆಯವರು ಬರೆದಾಗ ನಾನು ಎರಡನೆಯ ಪ್ಯಾರಾದಲ್ಲೇ ಪುಟ ಮಗುಚುತ್ತಿದ್ದೆ. ಮೈಸೂರಿನಲ್ಲಿ ಇತಿಹಾಸ ಓದಿ, ಪಾಂಡವಪುರದ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳುವವನು ನಾನು. ಹರಕೆ, ಶಕುನ, ಮೈಮೇಲೆ ಬರುವುದು, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ವಿವರಣೆ ಸಿದ್ಧವಾಗಿರುತ್ತಿತ್ತು. ಈಗ ನೀವೂ ಪುಟ ಮಗುಚಿದರೆ ನನಗೇನೂ ಬೇಸರವಿಲ್ಲ. ಆದರೆ ಇದು ಕತ್ತಲಲ್ಲಿ ನಡೆದದ್ದಲ್ಲ. ಭಾನುವಾರದ ಬಿಸಿಲಲ್ಲಿ, ಊಟ ಮಾಡಿದ ಹೊಟ್ಟೆಯಲ್ಲಿ, ಬೇರೆಯವರ ಕಣ್ಣೆದುರಿಗೇ ನಡೆದದ್ದು.

ಅದರ ಹಿಂದಿನ ವರ್ಷ ನನ್ನ ಹೆಂಡತಿ ಸುಶೀಲೆ ಮಿದುಳು ಜ್ವರ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಪ್ರಜ್ಞೆಯಿಲ್ಲದೆ ಮಲಗಿದ್ದಳು. ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆ ದಿನಗಳಲ್ಲಿ ಏನು ತಿಂದೆ, ಎಲ್ಲಿ ಮಲಗಿದೆ, ಒಂದೂ ಸರಿಯಾಗಿ ನೆನಪಿಲ್ಲ. ಚೆನ್ನಾಗಿ ನೆನಪಿರುವುದು ಕುಮಾರ. ಅವನು ಸುಶೀಲೆಯ ಸೋದರಮಾವನ ಮಗ, ಸಂತೆಬಾಚಹಳ್ಳಿಯಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು. ನಮ್ಮ ಕಡೆಯ ರೂಢಿಯಂತೆ ಅವಳು ಅವನಿಗೆ ಕೊಡಬೇಕಾಗಿದ್ದ ಹೆಣ್ಣು. ನಾಗಮಂಗಲದ ನನ್ನ ಮಾವನವರು, ಓದಿದ ಅಳಿಯ ಇರಲಿ ಎಂದು ನನಗೆ ಕೊಟ್ಟರು. ಕುಮಾರ ಬೇರೆ ಮದುವೆಯಾಗಲಿಲ್ಲ. ಆಸ್ಪತ್ರೆಗೆ ನನಗಿಂತ ಮೊದಲು ಬಂದು, ಬಾಗಿಲ ಹತ್ತಿರ ಟವೆಲು ಹಾಸಿ ಕೂತಿರುತ್ತಿದ್ದ. ಅವನನ್ನು ಹೋಗು ಎನ್ನಲು ನನಗೆ ಕಾರಣವಿರಲಿಲ್ಲ. ಇರು ಎನ್ನಲು ಮನಸ್ಸಿರಲಿಲ್ಲ.

ಸುಶೀಲೆ ಬದುಕಿದಳು. ವೈದ್ಯರಿಗೆ ಕೈಮುಗಿದು ಮನೆಗೆ ಬಂದೆವು.

ಮರುವರ್ಷ ನಾನು ಶ್ರೀರಂಗಪಟ್ಟಣದ ಸುತ್ತಲಿನ ಹಳೆಯ ಕಟ್ಟಡಗಳ ಬಗ್ಗೆ ಒಂದು ಲೇಖನ ಬರೆಯಲು ಹೊರಟಿದ್ದೆ. ಬಾಬುರಾಯನಕೊಪ್ಪಲಿನಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಹಳೆಯ ಇಗರ್ಜಿಯಿದೆ, ಅದು ಒಂದು ಕಾಲಕ್ಕೆ ಬಿಷಪ್ಪರ ಪೀಠವಿದ್ದ ಕೆಥೆಡ್ರಲ್ ಆಗಿತ್ತಂತೆ ಎಂದು ಕೇಳಿದ್ದೆ. ಸುಶೀಲೆಯೂ ಬರುತ್ತೇನೆಂದಳು. ಕುಮಾರ ತನ್ನ ಕಾರು ತಂದ. ದಾರಿಯುದ್ದಕ್ಕೂ ಅವನದೇ ಮಾತು.

"ನನ್ ಪಾಲ್ಗೆ ಬರೋ ಹೆಣ್ಣ ಹೊಡ್ಕಂಡ್ ಹೋದ್ರಿ. ಈಗ ನೋಡಿ, ಡ್ರೈವರ್ರೂ ನಾನೇ ಆಗ್ಬುಟ್ಟೆ, ಭಾವ."

"ಲೋ ಕುಮಾರ, ಬಾಯ್ಮುಚ್ಕಂಡು ರಸ್ತೆ ನೋಡ್ಲಾ" ಎಂದು ಸುಶೀಲೆ ಹಿಂದಿನಿಂದ ಅವನ ತಲೆಗೆ ಮೊಟಕಿದಳು. ನನ್ನ ತಲೆಗೆ ಅವಳು ಎಂದೂ ಹಾಗೆ ಮೊಟಕಿದವಳಲ್ಲ. ಇಗರ್ಜಿಗೆ ತಿರುಗುವ ಕಡೆ ಬೋರ್ಡಿರಲಿಲ್ಲ. ಕುಮಾರ ಯಾರನ್ನೂ ಕೇಳದೆ ಗಕ್ಕನೆ ಎಡಕ್ಕೆ ತಿರುಗಿಸಿದ. ಇವನಿಗೆ ಈ ದಾರಿ ಹೇಗೆ ಗೊತ್ತು ಎಂಬುದು ಆಗಲೇ ನನ್ನೊಳಗೆ ಮುಳ್ಳಿನಂತೆ ಕೂತಿತು.

ಇಗರ್ಜಿಯ ಕಸ ಗುಡಿಸಿ ಮೇಣದ ಬತ್ತಿ ಮಾರುವ ಫಿಲೋಮಿನಮ್ಮ ಎಂಬ ಮುದುಕಿ ನಮಗೆ ಒಳಗೆಲ್ಲ ತೋರಿಸಿದಳು. ಕೆಥೆಡ್ರಲ್ ಎನ್ನಲು ದಾಖಲೆ ಎಲ್ಲಿದೆ ಎಂದು ಕೇಳಿದೆ. ಮೂರು ಕಾಲಿನ ಒಂದು ಕುರ್ಚಿಯನ್ನು ತೋರಿಸಿ, "ಬಿಷಪ್ಪು ಕುಂತಿದ್ದ ಕುರ್ಚಿ ಇಲ್ಲೇ ಐತಲ್ಲ, ಇನ್ಯಾವ ದಾಖ್ಲೆ ಬೇಕು?" ಎಂದಳು. ಕುಮಾರ ನಕ್ಕ. ನಾನು ಬರೆದುಕೊಂಡೆ.

ಆಮೇಲೆ ಇಗರ್ಜಿ ಹುಟ್ಟಿದ ಕತೆ ಹೇಳಿದಳು. ಕಾವೇರಿ ತುಂಬಿ ಹರಿಯುವಾಗ ಒಂದು ತೊಲೆ ಪ್ರವಾಹಕ್ಕೆ ಎದುರಾಗಿ ತೇಲಿ ಬಂತಂತೆ. ಎತ್ತು ಕಟ್ಟಿ ಎಳೆದರೂ ದಡಕ್ಕೆ ಬರಲಿಲ್ಲ. ಯುದ್ಧದಲ್ಲಿ ಸೆರೆಸಿಕ್ಕ ಗಂಡನಿಗಾಗಿ ಅಳುತ್ತಿದ್ದ ಒಬ್ಬ ಹೆಂಗಸು ತನ್ನ ಸೆರಗನ್ನು ತೊಲೆಗೆ ಬಿಗಿದು, ಅವನು ಬದುಕಿ ಬರಲಿ ಎಂದು ಎಳೆದಳು. ತೊಲೆ ಕರುವಿನಂತೆ ಹಿಂದೆ ಬಂತು. ಗಂಡನೂ ಬಂದ. ತೊಲೆಯ ಮೇಲಿನ ಆ ಗಂಟು ಯಾರು ಕಟ್ಟಿದ್ದು ಎಂದು ಅವನು ಕೇಳಿದರೆ, ನಾನಲ್ಲ ಎಂದಳಂತೆ. ಅವನೇ ಬಿಚ್ಚಿದ. ಇಗರ್ಜಿಯ ಬಾಗಿಲ ಮೇಲಿರುವುದು ಅದೇ ತೊಲೆ. ಆವತ್ತಿನಿಂದ ಜಾತಿ ಮತ ನೋಡದೆ ಜನ ಬಂದು, ಕಾಯಿಲೆ ಬಿದ್ದವರ ಬಟ್ಟೆಯ ಚೂರನ್ನು ಬಾಗಿಲ ಪಕ್ಕದ ಕಿಟಕಿಯ ಸರಳಿಗೆ ಕಟ್ಟುತ್ತಾರೆ. ಗುಣವಾದವರೇ ಬಂದು ಬಿಚ್ಚಬೇಕು. ಕಟ್ಟಿದವರು ಮಾತ್ರ ಎಂದಿಗೂ ನಾನು ಕಟ್ಟಿದೆ ಅನ್ನಬಾರದು.

ತೊಲೆ ತೇಗದ್ದು, ಕೋಟೆಯೊಳಗಿನ ಯಾವುದೋ ಹಾಳು ಕಟ್ಟಡದ್ದಿರಬೇಕು ಎಂದು ನಾನು ಹೇಳುತ್ತಿದ್ದೆ. ಸುಶೀಲೆ ಕೇಳಿಸಿಕೊಳ್ಳುತ್ತಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟಿದ್ದಳು.

"ರೀ, ಇದು ನಮ್ಮವ್ವ ಹಾಕಿದ ಕುಚ್ಚು."

ಬಣ್ಣ ಮಾಸಿದ ನೂರಾರು ಚೂರುಗಳ ನಡುವೆ ಅರಿಶಿನ ಬಣ್ಣದ ಒಂದು ರೇಷ್ಮೆ ತುಂಡಿತ್ತು. ಅದರ ತುದಿಯಲ್ಲಿ ನೇರಳೆ ದಾರದ ಕುಚ್ಚು, ಪ್ರತಿ ಕುಚ್ಚಿನ ಕುತ್ತಿಗೆಯಲ್ಲಿ ಒಂದೊಂದು ಹವಳ. ನಮ್ಮ ಮದುವೆಯ ಸೀರೆಗೆ ನನ್ನ ಅತ್ತೆ ತಾನೇ ಕೂತು ಹಾಕಿದ್ದು. ಅಂಥದು ಇನ್ನೊಂದು ಇರಲಾರದು. ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆ ಸೀರೆ ನಮ್ಮ ಬೀರುವಿನಲ್ಲಿತ್ತು. ಆಸ್ಪತ್ರೆಗೆ ಹೊದಿಕೆ ಬಟ್ಟೆ ತರಲೆಂದು ನಾನು ಮನೆಯ ಬೀಗದಕೈ ಕೊಟ್ಟಿದ್ದುದು ಒಬ್ಬನಿಗೇ.

ಕುಮಾರನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ನಾನು ಬಿಲ್ಲು, ಔಷಧಿ, ರಕ್ತದ ಬಾಟಲಿ ಎಂದು ಅಲೆಯುತ್ತಿದ್ದಾಗ ಇವನು ನನ್ನ ಹೆಂಡತಿಯ ಮದುವೆ ಸೀರೆಯನ್ನು ಕತ್ತರಿಸಿ ತಂದು, ಇಲ್ಲಿ ಅವಳಿಗಾಗಿ ಹರಕೆ ಕಟ್ಟಿದ್ದಾನೆ.

"ಬಿಚ್ಚವ್ವ, ಬಿಚ್ಚು. ಕಟ್ಟಿದೋರೂ ಜೊತೇಲೇ ಬಂದವ್ರಲ್ಲ" ಎಂದಳು ಫಿಲೋಮಿನಮ್ಮ.

"ಯಾರು?" ಎಂದು ಗದರಿದೆ. ಗೊತ್ತಿದ್ದುದನ್ನೇ ಇವಳ ಬಾಯಿಂದ ಕೇಳಬೇಕಿತ್ತು.

ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಕೇಳೋದ್ ನೋಡು! ಆ ಕಂಬ್ದತ್ರ ಮಂಡಿ ಊರ್ಕಂಡು ಮಗು ಅತ್ತಂಗೆ ಅತ್ತ್ರಲ್ಲ ಸ್ವಾಮಿ ನೀವು. ನಾನೇ ನೀರ್ ಕೊಟ್ಟೆ. ಅದ್ರಲ್ಲಿ ಅರ್ಧ ಅಂಗಿ ಮೇಲೇ ಚೆಲ್ಕಂಡ್ರಿ."

ಅವಳ ಬೆರಳು ನೇರವಾಗಿ ನನ್ನ ಕಡೆಗಿತ್ತು.

"ನಾನಲ್ಲ. ನಾನು ಇಲ್ಲಿಗೆ ಬಂದೇ ಇಲ್ಲ" ಎಂದೆ.

"ಅನ್ನಿ, ಅನ್ನಿ. ಅಂಗೇ ಅನ್ಬೇಕು" ಎಂದು ಅವಳು ಸಮಾಧಾನದಿಂದ ತಲೆಯಾಡಿಸಿದಳು.

ಸುಶೀಲೆ ಗಂಟು ಬಿಚ್ಚಿ, ತುಂಡನ್ನು ಕಣ್ಣಿಗೊತ್ತಿಕೊಂಡು ನನ್ನತ್ತ ತಿರುಗಿದಳು. ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ನಾನಲ್ಲ ಕಣೇ ಎಂದು ಮತ್ತೆ ಹೇಳಿದೆ. ಹೇಳಿದಷ್ಟೂ ಅವಳ ಕಣ್ಣು ತುಂಬುತ್ತ ಹೋಯಿತು. ಆ ಹಾಳು ಕತೆಯ ಪ್ರಕಾರ ನನ್ನ ನಿರಾಕರಣೆಯೇ ಸಾಕ್ಷಿಯಾಗಿಬಿಟ್ಟಿತ್ತು.

ಹೊರಗೆ ಕಾರಿನ ಹತ್ತಿರ ಕುಮಾರನನ್ನು ಹಿಡಿದೆ. "ನಿಜ ಹೇಳು. ಕಟ್ಟಿದ್ದು ನೀನೇ ತಾನೆ? ದಾರಿ ಹೇಗೆ ಗೊತ್ತಿತ್ತು?"

"ಈ ಊರಲ್ಲಿ ಎರಡ್ ಹಸ ತಗಂಡಿದ್ದೆ, ದಾರಿ ಗೊತ್ತಿರಲ್ವಾ? ಮಿಕ್ಕಿದ್ದು ಬುಡಿ ಭಾವ. ನಾನ್ ಕಟ್ಟಿದ್ರೂ ಇಲ್ಲ ಅಂತೀನಿ, ಕಟ್ಟದಿದ್ರೂ ಇಲ್ಲ ಅಂತೀನಿ. ನನ್ನ ಕೇಳಿ ಏನ್ ಪ್ರಯೋಜ್ನ?" ಎಂದ. ಆ ದಿನ ಅವನು ಮತ್ತೆ ತಮಾಷೆ ಮಾಡಲಿಲ್ಲ.

ಮನೆಗೆ ಬಂದು ಬೀರು ತೆಗೆದೆವು. ಸೀರೆ ಮಡಿಕೆ ಕೆಡದೆ ಇತ್ತು. ಸೆರಗಿನ ಒಂದು ಮೂಲೆ ಇರಲಿಲ್ಲ.

ಮುದುಕಿಯ ಕಣ್ಣು ಮಂಜಾಗಿರಬಹುದು, ಕುಮಾರನನ್ನು ಕಂಡದ್ದನ್ನು ನನ್ನ ಮೇಲೆ ಹೊರಿಸಿರಬಹುದು. ಇದು ನನ್ನ ವಿವರಣೆ, ಸಾಕಷ್ಟು ಗಟ್ಟಿಯಾದದ್ದೇ. ಆದರೆ ಆ ಆಸ್ಪತ್ರೆಯ ದಿನಗಳಲ್ಲಿ ಒಮ್ಮೆ ಬಸ್ಸು ಬಾಬುರಾಯನಕೊಪ್ಪಲಿನ ಹತ್ತಿರ ಕೆಟ್ಟು ನಿಂತಿತ್ತು. ನಾನು ಇಳಿದು ನಡೆಯತೊಡಗಿದ್ದು ನೆನಪಿದೆ. ಅದರ ನಂತರ ನೆನಪಿರುವುದು ಆಸ್ಪತ್ರೆಯ ಮೆಟ್ಟಿಲು. ನಡುವೆ ಏನೂ ಇಲ್ಲ. ಆ ದಿನ ಮನೆಯಿಂದ ಹೊರಡುವ ಮೊದಲು ಬೀರು ತೆಗೆದಿದ್ದೆನೇ ಎಂಬುದೂ ನೆನಪಿಲ್ಲ. ಅಂಗಿ ಒದ್ದೆಯಾಗಿತ್ತೇ? ಬೆವರಿರಬೇಕು ಎಂದುಕೊಂಡಿದ್ದೆನೇ? ಈಚೆಗೆ ತಣ್ಣನೆಯ ಸರಳು, ಮೇಣದ ವಾಸನೆ, ಬೆರಳಿಗೆ ಸಿಕ್ಕಿದ ಒಂದು ಹವಳ ನೆನಪಾಗುತ್ತವೆ. ಅವು ಆ ದಿನದ ನೆನಪೋ, ಆಮೇಲೆ ಸುಶೀಲೆಯೊಂದಿಗೆ ಹೋಗಿ ಕಂಡದ್ದನ್ನೇ ನನ್ನ ಮನಸ್ಸು ಹಿಂದಕ್ಕೆ ಹೊಲಿದುಕೊಂಡಿದೆಯೋ, ಹೇಳಲಾರೆ. ಸಾಕ್ಷ್ಯವನ್ನು ತೂಗುವುದು ಹೇಗೆಂದು ಮಕ್ಕಳಿಗೆ ಪಾಠ ಮಾಡುವ ನಾನು ನನ್ನನ್ನೇ ಸಾಕ್ಷಿಯಾಗಿ ನಂಬಲಾರದೆ ಕೂತಿದ್ದೇನೆ. ಲೇಖನ ಬರೆಯಲಿಲ್ಲ.

ಸುಶೀಲೆ ಆ ತುಂಡನ್ನು ಸೀರೆಗೆ ಮತ್ತೆ ಹೊಲಿದಳು. ಹಬ್ಬ ಬಂದರೆ ಅದನ್ನೇ ಉಡುತ್ತಾಳೆ. ಸೆರಗು ಸರಿಮಾಡಿಕೊಳ್ಳುವಾಗ ಹೊಲಿಗೆಯ ಮೇಲೆ ಒಮ್ಮೆ ಕೈಯಾಡಿಸಿ, ಇಗರ್ಜಿಯಲ್ಲಿ ನೋಡಿದ ಹಾಗೆಯೇ ನನ್ನನ್ನು ನೋಡುತ್ತಾಳೆ. ಆ ನೋಟ ಸಲ್ಲಬೇಕಾದದ್ದು ಕಂಬದ ಬಳಿ ಮಂಡಿಯೂರಿ ಅತ್ತವನಿಗೆ. ಅವನು ಕುಮಾರನೇ ಆಗಿರಲಿ, ನನಗೆ ಗೊತ್ತಿಲ್ಲದ ನಾನೇ ಆಗಿರಲಿ, ಅವನನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.