ಇಸವಿಯ ಕೆಳಗಿನ ನಕ್ಷತ್ರ

ಇವತ್ತು ಹಲಸೂರಿನ ಅಂಗಡಿಯಲ್ಲಿ ಚಿಲ್ಲರೆಯಾಗಿ ಬಂದ ಹಳೆಯ ರೂಪಾಯಿ ನಾಣ್ಯದಲ್ಲಿ ಇಸವಿಯ ಕೆಳಗೆ ನಕ್ಷತ್ರವಿತ್ತು. ನಕ್ಷತ್ರವಿದ್ದರೆ ಹೈದರಾಬಾದಿನ ಟಂಕಸಾಲೆಯದು, ಗುರುತೇ ಇಲ್ಲದಿದ್ದರೆ ಕಲ್ಕತ್ತಾದ್ದು ಎಂದು ಕಲಿಸಿದವನು ಅಣ್ಣ. ಚಿಕ್ಕಂದಿನಲ್ಲಿ ಮರ್ಫಿ ಟೌನಿನ ಮನೆಯ ಹೊಸ್ತಿಲಲ್ಲಿ ಕೂತು ಇಬ್ಬರೂ ನಾಣ್ಯ ಜೋಡಿಸುತ್ತಿದ್ದೆವು; ನಕ್ಷತ್ರದವು ಅವನಿಗೆ, ಗುರುತಿಲ್ಲದವು ನನಗೆ.

ಒಂದು ದಿನ ಅವನು ನಕ್ಷತ್ರ ಎದ್ದು ಕಾಣುವ ನಾಣ್ಯವನ್ನು ಕಣ್ಣಿಗೆ ಹಿಡಿದು, "ಏನೂ ಇಲ್ಲ ಕಣೇ, ಕಲ್ಕತ್ತಾದು. ನೀನೇ ಇಟ್ಕೋ" ಅಂದ. ಅವನಿಗೆ ಕಾಣುತ್ತಿಲ್ಲವೆಂದು ನನಗೆ ತಿಳಿಯಿತು. ಆದರೂ ನಕ್ಷತ್ರಗಳೆಲ್ಲ ನನಗೇ ಸಿಗಲೆಂದು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ.

ಕೊನೆಗೆ ಕಣ್ಣಿನ ಡಾಕ್ಟರು, "ಮೊದ್ಲೇ ಯಾಕಮ್ಮ ಕರ್ಕೊಂಡು ಬರ್ಲಿಲ್ಲ? ಹೋದ ದೃಷ್ಟಿ ವಾಪಸ್ ಬರಲ್ಲ" ಅಂದರು.

"ಗೊತ್ತೇ ಆಗ್ಲಿಲ್ಲ ಸಾರ್" ಎಂದು ಅಮ್ಮ ಅತ್ತಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

ಅಮ್ಮ ಸಾಯುವವರೆಗೂ ತನ್ನನ್ನೇ ಶಪಿಸಿಕೊಂಡಳು. ಅಣ್ಣ ಈಗಲೂ ನನ್ನ ಭುಜ ಹಿಡಿದೇ ರಸ್ತೆ ದಾಟುತ್ತಾನೆ. ಇವತ್ತೂ ಅವನಿಗೆ ಹೇಳಲಾಗಲಿಲ್ಲ.